ಮಕ್ಕಳ ಸಂಶೋಧನೆಗೆ ಒಪ್ಪಿಗೆ ಕೇಳುವ ಬಗೆ: ಒಂದು ಆಸ್ಪತ್ರೆಯ ಸಮ್ಮತಿ ಸೇವೆಯ ವಿಮರ್ಶೆ

ಆಸ್ಪತ್ರೆಗಳ ಬಗ್ಗೆ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ವೈದ್ಯರ ನಡೆನುಡಿ, ಕಾಯಬೇಕಾದ ಹೊತ್ತು, ಬಿಲ್ಲಿನ ಮೊತ್ತ, ವಾರ್ಡಿನ ಸ್ವಚ್ಛತೆ ಇವುಗಳನ್ನು ನೋಡುತ್ತಾರೆ. ನಾನು ಬರೆಯಹೊರಟಿರುವುದು ಆಸ್ಪತ್ರೆಯೊಳಗೇ ನಡೆಯುವ, ಆದರೆ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಸೇವೆಯ ಬಗ್ಗೆ. ಒಂದು ಮಗುವನ್ನು ವೈದ್ಯಕೀಯ ಸಂಶೋಧನೆಗೆ ಸೇರಿಸಿಕೊಳ್ಳುವ ಮೊದಲು ಅದರ ತಂದೆತಾಯಿಗೆ ವಿಷಯವನ್ನೆಲ್ಲ ತಿಳಿಸಿ ಸಮ್ಮತಿ ಪಡೆಯಬೇಕು. ಮಗು ತಿಳಿಯುವ ವಯಸ್ಸಿನದಾಗಿದ್ದರೆ ಅದರ ಒಪ್ಪಿಗೆಯನ್ನೂ ಕೇಳಬೇಕು. ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಈ ಕೆಲಸ ನಮ್ಮ ಪಾಲಿಗೆ ಹೇಗೆ ನಡೆಯಿತು ಎಂಬುದನ್ನು, ಇಂಥದೇ ಕಾಗದ ಕೈಗೆ ಬರಲಿರುವ ಇತರ ತಂದೆತಾಯಿಗಳಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಮಗಳ ಚಿಕಿತ್ಸೆ ಅಲ್ಲೇ ಮುಂದುವರಿಯುತ್ತಿರುವುದರಿಂದ ಆಸ್ಪತ್ರೆಯ ಹೆಸರನ್ನು ಹಾಕುತ್ತಿಲ್ಲ.

ಇಂಥ ಸೇವೆಯನ್ನು ಅಳೆಯಲು ನಾನು ಇಟ್ಟುಕೊಂಡ ಮಾನದಂಡ ಒಂದೇ: ಅಲ್ಲಿ ಕುಳಿತ ತಾಯಿಗೆ ಮತ್ತು ಅವಳ ಪಕ್ಕದಲ್ಲಿ ಕುಳಿತ ಮಗುವಿಗೆ ‘ಬೇಡ’ ಎಂದು ಹೇಳುವುದು ಎಷ್ಟು ಸಲೀಸಾಗಿತ್ತು ಎಂಬುದು. ಕಾಗದಪತ್ರ, ಸಹಿ, ಮುದ್ರೆ ಎಲ್ಲವೂ ಸರಿಯಾಗಿದ್ದು, ಬೇಡವೆನ್ನಲು ಜಾಗವೇ ಇಲ್ಲದಿದ್ದರೆ ಅಲ್ಲಿ ಒಪ್ಪಿಗೆ ನಡೆದಿಲ್ಲ ಎಂದೇ ನಾನು ತಿಳಿದಿದ್ದೇನೆ.

ನನ್ನ ಮಗಳಿಗೆ ಈಗ 10 ವರ್ಷ. ಅವಳಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ. ಮೂತ್ರಪಿಂಡದ ಸೋಸುವ ಪದರ ಕೆಟ್ಟು, ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಇದು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿರುವುದು ಇದರ ಮೊದಲ ಗುರುತು. ಇಂಥ ಮಕ್ಕಳಿರುವ ಮನೆಗಳಲ್ಲಿ ಬೆಳಗಿನ ಮೊದಲ ಮೂತ್ರಕ್ಕೆ ಸ್ಟ್ರಿಪ್ ಅದ್ದಿ, ಬಣ್ಣ ನೋಡಿ, ಡೈರಿಯಲ್ಲಿ ಬರೆದಿಡುವುದು ಹಲ್ಲುಜ್ಜುವಷ್ಟೇ ರೂಢಿಯ ಕೆಲಸ. ಸತತವಾಗಿ ಮೂರು ದಿನ ಮೂರು ಪ್ಲಸ್, ಅಂದರೆ ಪ್ರೋಟೀನ್ ಬಹಳ ಸೋರುತ್ತಿದೆ ಎಂಬ ಬಣ್ಣ, ಬಂದರೆ ಕಾಯಿಲೆ ಮರುಕಳಿಸಿದೆ ಎಂದು ಲೆಕ್ಕ. ಆಗ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ಪೂರ್ತಿ ಪ್ರಮಾಣದಲ್ಲಿ ದಿನವೂ ಕೊಡುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ನಿಂತ ಮೇಲೆ ಪ್ರಮಾಣ ಇಳಿಸಿ ದಿನ ಬಿಟ್ಟು ದಿನ ಕೊಟ್ಟು, ಕೊನೆಗೆ ನಿಲ್ಲಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ ಔಷಧಿ ಹಿಡಿಯುತ್ತದೆ. ಆದರೆ ಮತ್ತೆ ಮತ್ತೆ ಮರುಕಳಿಸುವ ಮಗುವಿಗೆ ಮುಖ ದುಂಡಗಾಗುತ್ತದೆ, ತೂಕ ಏರುತ್ತದೆ, ಬಿಪಿ ಹೆಚ್ಚುತ್ತದೆ, ಎತ್ತರ ಬೆಳೆಯುವುದು ನಿಧಾನವಾಗುತ್ತದೆ, ಕಣ್ಣಿಗೆ ಪೊರೆ ಬರುವ ಭಯವೂ ಇರುತ್ತದೆ. ಹಾಗಾಗಿ ಮರುಕಳಿಸಿದಾಗ ಇನ್ನೂ ಕಡಿಮೆ ಸ್ಟೆರಾಯ್ಡ್ ಕೊಟ್ಟರೆ ಸಾಲದೇ ಎಂಬ ಪ್ರಶ್ನೆಯನ್ನು ಮಕ್ಕಳ ಮೂತ್ರಪಿಂಡ ತಜ್ಞರು ಹಲವು ಕಡೆ ಕೇಳುತ್ತಿದ್ದಾರೆ. ನಮ್ಮನ್ನು ಕೇಳಿದ ಸಂಶೋಧನೆಯೂ ಅದೇ ಜಾತಿಯದು. ದೊಡ್ಡವರ ಮೇಲೆ ಪರೀಕ್ಷಿಸಿ ತೂಕಕ್ಕೆ ತಕ್ಕಂತೆ ಭಾಗಿಸಿ ಇಂಥ ಉತ್ತರ ಪಡೆಯಲಾಗುವುದಿಲ್ಲ, ಮಕ್ಕಳಲ್ಲೇ ಹುಡುಕಬೇಕು. ಸಂಶೋಧನೆ ಎಂದ ಕೂಡಲೇ ಹಿಂಜರಿಯುವ ಪೈಕಿ ನಾನಲ್ಲ. ನಮ್ಮ ಮಗಳು ಇಂದು ನುಂಗುತ್ತಿರುವ ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಲು ಹಿಂದೆ ಯಾರೋ ತಂದೆತಾಯಿ ತಮ್ಮ ಮಕ್ಕಳನ್ನು ಕರೆತಂದಿದ್ದರು ಎಂಬುದು ನನಗೆ ಗೊತ್ತಿದೆ.

ವಿಷಯವನ್ನು ಮೊದಲು ಎತ್ತಿದವರು ಅವಳನ್ನು ನೋಡುವ ವೈದ್ಯರೇ. ಅವರು ನಡೆದುಕೊಂಡ ರೀತಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. “ಇದು ಸಂಶೋಧನೆ ಮೇಡಂ, ಚಿಕಿತ್ಸೆ ಬೇರೆ. ನೀವು ಸೇರದಿದ್ದರೂ ಇವಳನ್ನು ನಾನೇ ನೋಡ್ತೀನಿ, ಈಗ ಕೊಡ್ತಿರೋ ಔಷಧಿಯನ್ನೇ ಕೊಡ್ತೀನಿ. ನನ್ನ ಎದುರು ಕೂತು ಬೇಡ ಅನ್ನೋದು ನಿಮಗೆ ಕಷ್ಟವಾಗಬಹುದು, ಅದಕ್ಕೆ ವಿವರಗಳನ್ನ ಪಕ್ಕದ ಕೋಣೆಯಲ್ಲಿ ಕೇಳಿ” ಎಂದು ಹೇಳಿ ನಮ್ಮನ್ನು ಸಂಶೋಧನೆಯ ವಿವರ ತಿಳಿಸಿ ಸಮ್ಮತಿ ಪಡೆಯುವ ಕೋ-ಆರ್ಡಿನೇಟರ್ ಹತ್ತಿರ ಕಳುಹಿಸಿದರು. ವರ್ಷಗಟ್ಟಲೆ ಮಗುವನ್ನು ಉಳಿಸಿಕೊಂಡು ಬಂದ ವೈದ್ಯರ ಮುಖ ನೋಡಿಕೊಂಡು ಇಲ್ಲವೆನ್ನಲು ನಮ್ಮ ಕಡೆಯ ಎಷ್ಟು ಮಂದಿಗೆ ಬಾಯಿ ಬರುತ್ತದೆ? “ನೀವು ಹೇಗೆ ಹೇಳ್ತೀರೋ ಹಾಗೆ ಸಾರ್” ಎಂಬ ಮಾತನ್ನು ಒ.ಪಿ.ಡಿ.ಯ ಸಾಲಿನಲ್ಲಿ ದಿನವೂ ಕೇಳಬಹುದು. ಆ ಮಾತನ್ನು ಸಮ್ಮತಿ ಎಂದು ಬರೆದುಕೊಳ್ಳುವುದು ಬಹಳ ಸುಲಭ, ಅವರು ಬರೆದುಕೊಳ್ಳಲಿಲ್ಲ.

ಕೋ-ಆರ್ಡಿನೇಟರ್ ಅವರ ಕೋಣೆ ಚಿಕ್ಕದು. ಬಾಗಿಲು ಹಾಕಿಕೊಳ್ಳಬಹುದಿತ್ತು, ಮಗುವಿಗೂ ಒಂದು ಕುರ್ಚಿ ಇತ್ತು. ಇವು ಸಣ್ಣ ಸಂಗತಿಗಳಂತೆ ಕಂಡರೂ, ಕಾರಿಡಾರಿನಲ್ಲಿ ನಿಂತು ಫೈಲಿನ ಮೇಲೆ ಸಹಿ ಹಾಕಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಅಂದೇ ಸಹಿ ಮಾಡಿ ಎಂದು ಅವರು ಕೇಳಲಿಲ್ಲ. ಮಾಹಿತಿ ಪತ್ರವನ್ನು ಕೊಟ್ಟು, ಮನೆಗೆ ಒಯ್ದು ಓದಿ, ಮುಂದಿನ ಸಲ ಬಂದಾಗ ಹೇಳಿ, ಮಧ್ಯೆ ಏನಾದರೂ ಕೇಳುವುದಿದ್ದರೆ ಫೋನ್ ಮಾಡಿ ಎಂದರು. ನಾವು ತುಮಕೂರಿನವರು. ಬಸ್ಸಿನಲ್ಲಿ ಅರ್ಧ ಓದಿದೆ, ಉಳಿದದ್ದನ್ನು ರಾತ್ರಿ ನನ್ನ ಗಂಡನ ಜೊತೆ ಕುಳಿತು ಓದಿದೆ.

ಆ ಮಾಹಿತಿ ಪತ್ರವೇ ಈ ಸೇವೆಯ ಅತ್ಯಂತ ದುರ್ಬಲ ಭಾಗ. ಅಕ್ಷರ ಕನ್ನಡದ್ದು, ವಾಕ್ಯ ಕನ್ನಡದ್ದಲ್ಲ. ಒಂದೊಂದು ವಾಕ್ಯ ನಾಲ್ಕೈದು ಸಾಲು ಹರಿದು, ಯಾರು ಏನು ಮಾಡುತ್ತಾರೆ ಎಂಬುದೇ ಕೊನೆಗೆ ತಿಳಿಯುತ್ತಿರಲಿಲ್ಲ. ನಾನು ಶಾಲೆಯಲ್ಲಿ ಕನ್ನಡವನ್ನೇ ಪಾಠ ಹೇಳುವವಳು, ನನಗೇ ಎರಡೆರಡು ಸಲ ಓದಬೇಕಾಯಿತು. ಅಕ್ಷರಗಳು ತೀರ ಸಣ್ಣವಾಗಿದ್ದವು. ಇಂಗ್ಲಿಷಿನಲ್ಲಿ ಬರೆದದ್ದನ್ನು ಯಾರಿಂದಲೋ ಕನ್ನಡಕ್ಕೆ ತರಿಸಿ, ಅದನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡುವ ಪದ್ಧತಿ ಇದೆ. ಅರ್ಥ ತಪ್ಪಿಲ್ಲವೆಂದು, ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಅದರಿಂದ ಖಾತ್ರಿಯಾಗುತ್ತದೆ. ಆದರೆ ಓದುವ ತಾಯಿಗೆ ಅರ್ಥವಾಗುತ್ತದೆಯೇ ಎಂಬುದನ್ನು ನೋಡಬೇಕಾದರೆ ಒಬ್ಬ ತಾಯಿಯ ಕೈಗೇ ಕೊಟ್ಟು ಓದಿಸಬೇಕು. ಆ ಕೆಲಸ ಇಲ್ಲಿ ಆಗಿರಲಿಲ್ಲ ಎಂಬುದು ಪುಟಪುಟದಲ್ಲೂ ಕಾಣುತ್ತಿತ್ತು.

ಆದರೂ ಪತ್ರದಲ್ಲಿ ಇರಬೇಕಾದ ವಿಷಯಗಳು ಇದ್ದವು, ಅದನ್ನೂ ಹೇಳಬೇಕು. ಇದು ಸಂಶೋಧನೆ ಎಂಬ ಸ್ಪಷ್ಟ ಹೇಳಿಕೆ, ಎಷ್ಟು ಕಾಲ ನಡೆಯುತ್ತದೆ, ಯಾವ ಯಾವ ಪರೀಕ್ಷೆಗಳು, ಅಪಾಯಗಳೇನು, ಲಾಭವಿಲ್ಲದೆಯೂ ಇರಬಹುದು ಎಂಬ ಮಾತು, ಸೇರದವರಿಗೆ ಇರುವ ಬೇರೆ ಚಿಕಿತ್ಸೆ, ಪೂರ್ತಿ ಪ್ರಮಾಣ, ಕಡಿಮೆ ಪ್ರಮಾಣ ಎಂಬ ಎರಡು ಗುಂಪುಗಳಲ್ಲಿ ಯಾವುದಕ್ಕೆ ಬೀಳುವ ಸಾಧ್ಯತೆ ಎಷ್ಟು, ಕಾರಣ ಹೇಳದೆ ಯಾವಾಗ ಬೇಕಾದರೂ ಬಿಡಬಹುದು ಎಂಬುದು. ಇವೆಲ್ಲ, ಮನುಷ್ಯರ ಮೇಲಿನ ಔಷಧಿ ಪ್ರಯೋಗಗಳಿಗೆಂದು ಕೇಂದ್ರ ಸರ್ಕಾರ ಮಾಡಿರುವ ಹೊಸ ಔಷಧಿ ಹಾಗೂ ಕ್ಲಿನಿಕಲ್ ಟ್ರಯಲ್ ನಿಯಮಗಳು, 2019 ಹೇಳುವ ಪಟ್ಟಿಯಲ್ಲಿ ಬರುತ್ತವೆ. ಸಹಿಯ ಪುಟದಲ್ಲಿ ಸಾಲಾಗಿ ಬಾಕ್ಸುಗಳಿದ್ದು, ಪ್ರತಿಯೊಂದು ಹೇಳಿಕೆಯ ಎದುರೂ ಇನಿಷಿಯಲ್ ಹಾಕಬೇಕಿತ್ತು. ಅಲ್ಲಿಯೇ ಪಾಲ್ಗೊಳ್ಳುವವರ ವಿದ್ಯಾಭ್ಯಾಸ, ಉದ್ಯೋಗ, ವಾರ್ಷಿಕ ಆದಾಯ ಎಂಬ ಕಾಲಂಗಳು, ಅವುಗಳ ಕೆಳಗೆ ನಾಮಿನಿಯ ಹೆಸರು ಮತ್ತು ಸಂಬಂಧ. ನಾಮಿನಿ ಯಾಕೆ ಎಂದು ಕೇಳಿದರೆ, ಸಂಶೋಧನೆಯ ಕಾರಣದಿಂದ ಪಾಲ್ಗೊಂಡವರು ತೀರಿಕೊಂಡರೆ ಪರಿಹಾರ ಯಾರಿಗೆ ಎಂಬುದಕ್ಕೆ. ಐದನೇ ಕ್ಲಾಸಿನ ಹುಡುಗಿಯ ಹೆಸರಿನ ಕೆಳಗೆ ಆ ಕಾಲಂ ನೋಡಿ ನನ್ನ ಗಂಡ ಕಾಗದವನ್ನು ಮೇಜಿನ ಮೇಲಿಟ್ಟು ಎದ್ದುಹೋದರು. ನಿಯಮದ ನಮೂನೆಯಲ್ಲಿ ಅದು ಇದೆ, ಪಾಲ್ಗೊಂಡವರ ಹಕ್ಕನ್ನು ಕಾಯಲೆಂದೇ ಇದೆ. ಆದರೆ ಅದನ್ನು ಯಾಕೆ ಕೇಳುತ್ತಿದ್ದೇವೆ ಎಂದು ಪಕ್ಕದಲ್ಲಿ ಎರಡು ಸಾಲು ಅಚ್ಚುಮಾಡಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಮಕ್ಕಳ ಸಂಶೋಧನೆಗೆ ದೊಡ್ಡವರ ನಮೂನೆಯನ್ನೇ ಹಾಗೆಯೇ ಬಳಸಿದರೆ ಹೀಗೆಯೇ ಆಗುತ್ತದೆ.

ಮುಂದಿನ ಸಲ ಹೋದಾಗ ಕೋ-ಆರ್ಡಿನೇಟರ್ ಕೊಟ್ಟ ಬಾಯಿಮಾತಿನ ವಿವರಣೆ ಪತ್ರದ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಹೊಸ ಔಷಧಿ ಯಾವುದೂ ಇಲ್ಲ, ಇರುವ ಔಷಧಿಯ ಎರಡು ಪ್ರಮಾಣಗಳನ್ನು ಹೋಲಿಸುತ್ತಾರೆ. ಯಾವ ಮಗುವಿಗೆ ಯಾವ ಪ್ರಮಾಣ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಯಾವುದು ಬಂದಿತೆಂದು ನಮಗೂ ವೈದ್ಯರಿಗೂ ಗೊತ್ತಿರುತ್ತದೆ. ಕಡಿಮೆ ಪ್ರಮಾಣದಲ್ಲಿ ಮೂತ್ರ ತಿಳಿಯಾಗುವುದು ತಡವಾದರೆ ಕೂಡಲೇ ಪೂರ್ತಿ ಪ್ರಮಾಣಕ್ಕೆ ಹೋಗುತ್ತಾರೆ. ಈ ಕೊನೆಯ ಮಾತು ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಪತ್ರದಲ್ಲಿ ಅದು ಒಳಗಿನ ಪುಟದ ನಡುವೆ ಎಲ್ಲೋ ಅಡಗಿತ್ತು.

ಇನ್ನು ಮಗಳ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಮಕ್ಕಳ ಮೇಲಿನ ಸಂಶೋಧನೆಗೆಂದೇ ಪ್ರತ್ಯೇಕ ಮಾರ್ಗಸೂಚಿ ತಂದಿದೆ. 18 ವರ್ಷ ತುಂಬದವರ ಪರವಾಗಿ ಕಾನೂನಿನ ಸಮ್ಮತಿ ಕೊಡಬೇಕಾದವರು ತಂದೆತಾಯಿ. ಆದರೆ 7 ವರ್ಷ ದಾಟಿದ ಮಗುವಿಗೆ ಅದರ ಭಾಷೆಯಲ್ಲಿ ವಿಷಯ ಹೇಳಿ, ತಂದೆತಾಯಿಯ ಎದುರಿನಲ್ಲಿ ಬಾಯಿಮಾತಿನ ಒಪ್ಪಿಗೆಯನ್ನಾದರೂ ಪಡೆಯಬೇಕು, 12 ತುಂಬಿದ ಮೇಲೆ ಬರವಣಿಗೆಯಲ್ಲೇ ಪಡೆಯಬೇಕು. ಮಗು ಬೇಡವೆಂದರೆ ಆ ಮಾತನ್ನು ಗೌರವಿಸಬೇಕು. ಮಗುವಿನ ಜೀವಕ್ಕೆ ಬೇಕಾದ ಚಿಕಿತ್ಸೆ ಆ ಸಂಶೋಧನೆಯ ಹೊರಗೆ ಸಿಗುವುದೇ ಇಲ್ಲ ಎಂಬಂಥ ಸಂದರ್ಭಗಳ ಮಾತು ಬೇರೆ. ಕಾಗದದ ಮೇಲೆ ಇದು ಬಹಳ ಆಸ್ಪತ್ರೆಗಳಲ್ಲಿ ಇದೆ. ಕೋಣೆಯೊಳಗೆ ಇದೆಯೇ ಎಂಬುದು ಪ್ರಶ್ನೆ.

ಕೋ-ಆರ್ಡಿನೇಟರ್ ತಮ್ಮ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಅಲ್ಲಿಂದ ಮುಂದೆ, ನಾನು ಮಧ್ಯೆ ಬಾಯಿ ಹಾಕಿದಾಗಲೂ, ಅವಳನ್ನೇ ನೋಡಿ ಮಾತಾಡಿದರು. ಚಿತ್ರಗಳಿದ್ದ ಒಂದು ಹಾಳೆ ಇತ್ತು, ಅದನ್ನು ಓದಿ ಹೇಳಿ, “ಈಗ ನೀನು ನನಗೆ ಹೇಳು ಪುಟ್ಟಿ. ನಾನು ಇವತ್ತೇ ಹೊಸದಾಗಿ ಬಂದಿರೋ ಹುಡುಗಿ ಅಂದ್ಕೋ” ಎಂದರು.

ಮಗಳು ಹೇಳಿದ್ದು ಇಷ್ಟು: “ಎರಡು ಗುಂಪು ಮಾಡ್ತಾರೆ. ಒಂದಕ್ಕೆ ಮಾತ್ರೆ ಜಾಸ್ತಿ, ಒಂದಕ್ಕೆ ಕಮ್ಮಿ. ಯಾವುದು ಒಳ್ಳೇದು ಅಂತ ಡಾಕ್ಟರಿಗೂ ಗೊತ್ತಿಲ್ಲ, ಅದಕ್ಕೇ ಮಾಡ್ತಿರೋದು. ನಂಗೆ ಬೇಡ ಅನ್ಸಿದ್ರೆ ಮಧ್ಯದಲ್ಲೇ ಬಿಡಬಹುದು.”

ನಾಲ್ಕು ವಾಕ್ಯ. ಅಷ್ಟೊಂದು ಪುಟಗಳ ಮಾಹಿತಿ ಪತ್ರ ಹೇಳಲು ಹೆಣಗಿದ್ದು ಇದನ್ನೇ. ಆಮೇಲೆ ಅವಳು ಪ್ರಶ್ನೆ ಕೇಳಲು ಶುರುಮಾಡಿದಳು. ಎಷ್ಟು ಸಲ ಚುಚ್ಚುತ್ತಾರೆ? ಮಾಮೂಲಿ ಪರೀಕ್ಷೆಗೆ ಚುಚ್ಚುವಾಗಲೇ ತೆಗೆದುಕೊಳ್ಳುತ್ತಾರೆ, ಬೇರೆಯಾಗಿ ಚುಚ್ಚುವುದಿಲ್ಲ. ಶಾಲೆಯಲ್ಲಿ ಗೊತ್ತಾಗುತ್ತದೆಯೇ? ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಸ್ಟೆರಾಯ್ಡಿನಿಂದ ಮುಖ ಊದಿದಾಗ ತರಗತಿಯಲ್ಲಿ ಅವಳು ಕೇಳಿಸಿಕೊಂಡ ಮಾತುಗಳು ಅವಳಿಗೆ ನೆನಪಿದ್ದವು. ಹೆಸರಿನ ಬದಲು ನಂಬರ್ ಕೊಡುತ್ತೇವೆ, ಯಾರಿಗೂ ಹೇಳುವುದಿಲ್ಲ, ಬೇಕಾದರೆ ಆ ನಂಬರ್ ಎಲ್ಲಿ ಬರೆಯುತ್ತೇವೆಂದು ತೋರಿಸುತ್ತೇನೆ ಎಂದು ಹೇಳಿ, ನಿಜವಾಗಿಯೂ ತೋರಿಸಿದರು. ಕೊನೆಯ ಪ್ರಶ್ನೆ: “ನಾನು ಬೇಡ ಅಂದ್ರೆ ಡಾಕ್ಟರಿಗೆ ಕೋಪ ಬರುತ್ತಾ?”

“ಬರಲ್ಲ. ನೀನು ಬೇಡ ಅಂದಿದ್ದನ್ನ ನಾನು ಇಲ್ಲಿ ಬರೀತೀನಿ, ಡಾಕ್ಟರ್ ಬಂದು ಅದನ್ನ ಓದಿ ಸಹಿ ಹಾಕ್ತಾರೆ. ಆಮೇಲೆ ಎಂದಿನ ಹಾಗೆ ನಿನ್ನ ಬಿಪಿ ನೋಡ್ತಾರೆ, ಅಷ್ಟೇ.”

ಸಂಶೋಧನೆಗೆ ಅವಳು ಒಪ್ಪಿದಳು. ಅದಕ್ಕಿಂತ ಮುಖ್ಯವಾದದ್ದು ಅವಳು ಒಂದು ವಿಷಯಕ್ಕೆ ಒಪ್ಪದೇ ಇದ್ದದ್ದು. ಮುಂದೆ ಯಾವಾಗಲಾದರೂ ನಡೆಯಬಹುದಾದ ಬೇರೆ ಸಂಶೋಧನೆಗಳಿಗಾಗಿ ಒಂದು ಟ್ಯೂಬ್ ರಕ್ತವನ್ನು ಹೆಚ್ಚುವರಿಯಾಗಿ ತೆಗೆದು ಶೇಖರಿಸಿಡಲು ಪ್ರತ್ಯೇಕ ಅನುಮತಿ ಕೇಳಿದ್ದರು. ಹಾಗೆ ಪ್ರತ್ಯೇಕವಾಗಿ ಕೇಳಿದ್ದೇ ಸರಿಯಾದ ಕ್ರಮ; ಮುಖ್ಯ ಸಮ್ಮತಿಯೊಳಗೇ ಅದನ್ನು ಸೇರಿಸಿಬಿಟ್ಟಿದ್ದರೆ ನಾವು ಗಮನಿಸುತ್ತಲೇ ಇರಲಿಲ್ಲ. ನನಗೆ ಅದರಲ್ಲಿ ತೊಂದರೆ ಕಾಣಲಿಲ್ಲ, ಇನಿಷಿಯಲ್ ಹಾಕಲು ಪೆನ್ನು ತೆಗೆದಿದ್ದೆ. ಮಗಳು “ಅದು ಬೇಡ” ಎಂದಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. “ಯಾಕೆ ಅಂತ ಹೇಳೋದು ಬೇಕಾಗಿಲ್ಲ” ಎಂದು ಕೋ-ಆರ್ಡಿನೇಟರ್ ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, “ಮೇಡಂ, ಇದಕ್ಕೆ ನಿಮ್ಮ ಒಪ್ಪಿಗೆ ಇದ್ದರೂ ನಾವು ತಗೊಳ್ಳಲ್ಲ” ಎಂದು ಆ ಬಾಕ್ಸಿಗೆ ಅಡ್ಡಗೆರೆ ಎಳೆದು, ತಾರೀಖು ಹಾಕಿ, ಪಕ್ಕದಲ್ಲಿ ನನ್ನಿಂದ ಸಹಿ ಮಾಡಿಸಿದರು. ಮನೆಯಲ್ಲಿ ಊಟ, ಬಟ್ಟೆ, ಟ್ಯೂಷನ್ ಎಲ್ಲವನ್ನೂ ನಾವೇ ನಿರ್ಧರಿಸುತ್ತೇವೆ. ತನ್ನ ದೇಹದ ವಿಷಯದಲ್ಲಿ ತಾನು ಆಡಿದ ಮಾತು ಅಮ್ಮನ ಮಾತನ್ನೂ ಮೀರಿ ನಿಂತಿತು ಎಂಬುದನ್ನು ನನ್ನ ಮಗಳು ಆ ದಿನ ನೋಡಿದಳು. ಕೋಲು, ಕೂಗು, ‘ಒಳ್ಳೆ ಹುಡುಗಿ ಅಲ್ವಾ’ ಎಂಬ ಪುಸಲಾಯಿಸುವಿಕೆ ಯಾವುದೂ ಇರಲಿಲ್ಲ. ಈ ವಿಮರ್ಶೆಯಲ್ಲಿ ನಾನು ಹೊಗಳುವುದೇನಾದರೂ ಇದ್ದರೆ ಮೊದಲು ಇದನ್ನೇ.

ಆದರೂ ಮಕ್ಕಳ ಹಾಳೆಯಲ್ಲಿ ಒಂದು ದೊಡ್ಡ ಲೋಪವಿದೆ. ಹಾಳೆಯ ಕೊನೆಯಲ್ಲಿ ‘ನನಗೆ ಒಪ್ಪಿಗೆ ಇದೆ’ ಎಂಬ ಒಂದೇ ಸಾಲು ಅಚ್ಚಾಗಿದೆ, ಪಕ್ಕದಲ್ಲಿ ನಗುವ ಮುಖದ ಚಿತ್ರ. ‘ನನಗೆ ಬೇಡ’ ಎಂಬ ಸಾಲು ಇಲ್ಲವೇ ಇಲ್ಲ. ಕೋ-ಆರ್ಡಿನೇಟರ್ ಅದನ್ನು ಕೈಯಲ್ಲಿ ಬರೆಯಬೇಕಾಯಿತು. ಇವರ ಜಾಗದಲ್ಲಿ ಅವಸರದ ಮನುಷ್ಯರೊಬ್ಬರು ಕುಳಿತಿದ್ದರೆ ಬರೆಯುತ್ತಿದ್ದರೇ? ನಗುವ ಮುಖವೊಂದನ್ನೇ ಮುಂದಿಟ್ಟು 10 ವರ್ಷದ ಮಗುವಿನ ಅಭಿಪ್ರಾಯ ಕೇಳುವುದು ಉತ್ತರವನ್ನು ಮೊದಲೇ ಹೇಳಿಕೊಟ್ಟಂತೆ. ಈ ಹಾಳೆಯನ್ನು ಆದಷ್ಟು ಬೇಗ ಬದಲಾಯಿಸಬೇಕು.

ನಾವು ಹೊರಗೆ ಕಾಯುತ್ತಿದ್ದಾಗ ನಡೆದ ಇನ್ನೊಂದು ಸಂಗತಿ. ರಾಯಚೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆತಂದಿದ್ದರು. ಹುಡುಗನ ತಂದೆತಾಯಿ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದರು. ಅಜ್ಜಿ ಹೆಬ್ಬೆಟ್ಟು ಒತ್ತಲು ಕೈ ಮುಂದೆ ಮಾಡಿಯೇ ಬಿಟ್ಟಿದ್ದರು. ಕೋ-ಆರ್ಡಿನೇಟರ್ ಒಪ್ಪಲಿಲ್ಲ. ತಂದೆತಾಯಿ ಇರುವಾಗ ಅವರೇ ಬರಬೇಕು, ಅವರಿಗೆ ಓದಲು ಬರದಿದ್ದರೆ ಈ ಸಂಶೋಧನೆಗೆ ಸಂಬಂಧವೇ ಇಲ್ಲದ, ಓದುಬರಹ ಬಲ್ಲ ಒಬ್ಬ ಸಾಕ್ಷಿಯ ಎದುರಿನಲ್ಲಿ ಎಲ್ಲವನ್ನೂ ಓದಿ ಹೇಳಬೇಕು, ಆ ಸಾಕ್ಷಿಯೂ ಸಹಿ ಮಾಡಬೇಕು, ಇವತ್ತು ಮಾಮೂಲಿ ಔಷಧಿ ತೆಗೆದುಕೊಂಡು ಹೋಗಿ ಅಜ್ಜಿ ಎಂದು ಕಳುಹಿಸಿದರು. ಒಂದು ಮಗು ಕಡಿಮೆಯಾದರೆ ಸಂಶೋಧನೆಯ ಲೆಕ್ಕಕ್ಕೆ ನಷ್ಟ. ಆ ನಷ್ಟವನ್ನು ಅವರು ಸಹಿಸಿಕೊಂಡರು.

ಇದಕ್ಕೆ ನಾನು ಇಷ್ಟು ಮಹತ್ವ ಕೊಡುತ್ತಿರುವುದಕ್ಕೆ ಕಾರಣವಿದೆ. 2009ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು, ಆಗ ಅವಿಭಜಿತ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ 10ರಿಂದ 14 ವರ್ಷದ ಹುಡುಗಿಯರಿಗೆ ಒಂದು ಅಧ್ಯಯನ ಯೋಜನೆಯ ಭಾಗವಾಗಿ ಕೊಟ್ಟರು. ಪಾತ್ ಎಂಬ ಅಮೆರಿಕದ ಸಂಸ್ಥೆ, ಐಸಿಎಂಆರ್ ಮತ್ತು ಆ ರಾಜ್ಯ ಸರ್ಕಾರಗಳು ಸೇರಿ ನಡೆಸಿದ ಯೋಜನೆ ಅದು. ಏಳು ಹುಡುಗಿಯರು ತೀರಿಕೊಂಡ ಸುದ್ದಿ ಎದ್ದಮೇಲೆ 2010ರ ಏಪ್ರಿಲಿನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬಂದಿಲ್ಲವೆಂದು ಸರ್ಕಾರ ನೇಮಿಸಿದ ತನಿಖಾ ಸಮಿತಿ ಹೇಳಿತು. ಲಸಿಕೆಯ ಬಗ್ಗೆ ನನಗೂ ಅನುಮಾನವಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ಮಾತ್ರ ತಲೆತಗ್ಗಿಸುವಂತಿತ್ತು. ಸಂಸತ್ತಿನ ಸ್ಥಾಯಿ ಸಮಿತಿ 2013ರ ತನ್ನ ವರದಿಯಲ್ಲಿ ಬರೆದಿರುವ ಪ್ರಕಾರ, ಆಂಧ್ರದ 9,543 ಸಮ್ಮತಿ ಪತ್ರಗಳಲ್ಲಿ 2,763 ಪತ್ರಗಳಿಗೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಆಶ್ರಮ ಶಾಲೆಗಳಲ್ಲಿದ್ದ ಬುಡಕಟ್ಟು ಹುಡುಗಿಯರ ತಂದೆತಾಯಿ ಊರಿನಲ್ಲಿಯೇ ಇದ್ದರು, ಅವರನ್ನು ಕರೆಸಿ ಕೇಳುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ರಾಯಚೂರಿನ ಅಜ್ಜಿಯನ್ನು ವಾಪಸು ಕಳುಹಿಸಿದ್ದು ಕಟ್ಟುನಿಟ್ಟು ಜಾಸ್ತಿಯಾಯಿತು ಎಂದು ಕಾಯುತ್ತಿದ್ದವರಲ್ಲಿ ಒಬ್ಬರು ಗೊಣಗಿದರು. ಖಮ್ಮಂ ಕಥೆ ಗೊತ್ತಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ.

ಸಮ್ಮತಿ ಪಡೆಯುವುದನ್ನು ವಿಡಿಯೋ ಮಾಡಲಿಲ್ಲವೇ ಎಂದು ನಮ್ಮ ಪರಿಚಯದವರು ಕೇಳಿದರು. ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ವಿಡಿಯೋ ದಾಖಲೆಗೆ ಆದೇಶಿಸಿತ್ತು. ಆಮೇಲೆ 2015ರಲ್ಲಿ ಬಂದ ತಿದ್ದುಪಡಿಯಿಂದ, ಹೊಚ್ಚಹೊಸ ರಾಸಾಯನಿಕ ಔಷಧಿಗಳ ಪ್ರಯೋಗಕ್ಕೆ ಮಕ್ಕಳಂಥ ದುರ್ಬಲ ವರ್ಗದವರನ್ನು ಸೇರಿಸಿಕೊಳ್ಳುವಾಗ ಮಾತ್ರ ಅದು ಕಡ್ಡಾಯ. ನಮ್ಮದು ಹಳೆಯ ಔಷಧಿ, ವೈದ್ಯರೇ ನಡೆಸುವ ಶೈಕ್ಷಣಿಕ ಸಂಶೋಧನೆ. ವಿಡಿಯೋ ಇಲ್ಲದ್ದು ನಿಯಮದ ಪ್ರಕಾರವೇ.

ನಷ್ಟಪರಿಹಾರದ ವಿಷಯಕ್ಕೆ ಬಂದಾಗ ವಿವರಣೆ ತೀರ ಸೊರಗಿತು. ಪತ್ರದಲ್ಲಿ ‘ನಿಯಮಾನುಸಾರ ಪರಿಹಾರ ನೀಡಲಾಗುವುದು’ ಎಂಬ ಒಂದು ಸಾಲು. ಯಾವ ನಿಯಮ, ಯಾರು ಕೊಡುತ್ತಾರೆ, ಯಾರು ತೀರ್ಮಾನಿಸುತ್ತಾರೆ? ಔಷಧಿ ಕಂಪನಿ ಹಣ ಹಾಕಿದ ಪ್ರಯೋಗವಾದರೆ ಕಂಪನಿ ಕೊಡಬೇಕು. ಕಂಪನಿಯೇ ಇಲ್ಲದ ಇಂಥ ಸಂಶೋಧನೆಗಳಲ್ಲಿ ಸಂಸ್ಥೆಯೇ ವಿಮೆ ಮಾಡಿಸಿಯೋ ನಿಧಿ ಇಟ್ಟೋ ವ್ಯವಸ್ಥೆ ಮಾಡಬೇಕೆಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ನಾನು ಕೇಳಿದಾಗ ಕೋ-ಆರ್ಡಿನೇಟರ್‌ಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲವೆಂದು ನೇರವಾಗಿ ಹೇಳಿ, ಮೇಲಿನವರಿಗೆ ಫೋನ್ ಮಾಡಿ, ವಿಮೆ ಇದೆಯೆಂದು ಖಚಿತಪಡಿಸಿಕೊಂಡು, ಪಾಲಿಸಿಯ ಪ್ರತಿಯನ್ನು ತೋರಿಸಿದರು. ಅವರ ಪ್ರಾಮಾಣಿಕತೆ ಮೆಚ್ಚುವಂಥದೇ. ಆದರೆ ಕೇಳಿದವರಿಗೆ ಮಾತ್ರ ಸಿಗುವ ಉತ್ತರ ಕೇಳಲು ಗೊತ್ತಿಲ್ಲದವರಿಗೆ ಸಿಗುವುದೇ ಇಲ್ಲ.

ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಪತ್ರದ ಕೊನೆಯಲ್ಲಿತ್ತು. ಆಸ್ಪತ್ರೆಯಲ್ಲಿ ನಡೆಯುವ ಸಂಶೋಧನೆಗಳನ್ನು ಮೊದಲೇ ಪರಿಶೀಲಿಸಿ ಅನುಮತಿ ಕೊಡುವುದು ಈ ಸಮಿತಿ. ಕನಿಷ್ಠ 7 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೊಬ್ಬರು, ವೈದ್ಯಕೀಯಕ್ಕೆ ಸಂಬಂಧಪಡದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಸಂಶೋಧಕರ ಮೇಲೆಯೇ ದೂರು ಇದ್ದರೆ ಮೊದಲು ಹೋಗಬೇಕಾದ ಬಾಗಿಲು ಇದು. ಆ ನಂಬರಿಗೆ ಕಚೇರಿ ವೇಳೆಯಲ್ಲಿ ಮಾಡಿದ ಕರೆಯನ್ನು ಯಾರೂ ಎತ್ತಲಿಲ್ಲ, ಮರುದಿನವೂ ಎತ್ತಲಿಲ್ಲ. ಕೊನೆಗೆ ಇ-ಮೇಲ್ ಮಾಡಿದಾಗ ಮರ್ಯಾದೆಯ ಉತ್ತರ ಬಂತು. ಇ-ಮೇಲ್ ಬರೆಯಲು ಬಾರದ ತಂದೆಯೊಬ್ಬನಿಗೆ ಮಗುವಿನ ಮೈಮೇಲೆ ಗುಳ್ಳೆ ಎದ್ದ ರಾತ್ರಿ ಆ ನಂಬರಿನಿಂದ ಏನು ಪ್ರಯೋಜನ? ವೈದ್ಯರ ಮೊಬೈಲ್ ನಂಬರ್ ಪತ್ರದಲ್ಲಿದೆ, ಅವರು ಎತ್ತುತ್ತಾರೆ, ಅದು ನಿಜ. ಎಥಿಕ್ಸ್ ಕಮಿಟಿ ಇರುವುದು ವೈದ್ಯರನ್ನು ಕೇಳಲಾಗದ ಪ್ರಶ್ನೆಗಳಿಗಾಗಿ.

ಒಂದು ಒಳ್ಳೆಯ ಅಂಶವನ್ನು ಇಲ್ಲಿಯೇ ಸೇರಿಸುತ್ತೇನೆ. ಪತ್ರದ ಮೊದಲ ಪುಟದಲ್ಲೇ ಸಿಟಿಆರ್‌ಐ ನೋಂದಣಿ ಸಂಖ್ಯೆ ಇತ್ತು. ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ಈ ನೋಂದಣಿ ಪುಸ್ತಕ 2007ರಿಂದ ಇದೆ. 2018ರ ಏಪ್ರಿಲಿನಿಂದ, ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಿದ ಟ್ರಯಲ್‌ಗಳನ್ನು ಮಾತ್ರ ಅಲ್ಲಿ ಸ್ವೀಕರಿಸುತ್ತಾರೆ. ವೆಬ್‌ಸೈಟಿನಲ್ಲಿ ಸಂಖ್ಯೆ ಹಾಕಿದರೆ ಸಂಶೋಧನೆಯ ಹೆಸರು, ಮಕ್ಕಳ ವಯಸ್ಸು, ಎಷ್ಟು ಮಂದಿಯನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ ಎಲ್ಲವೂ ಸಿಗುತ್ತದೆ. ನಮಗೆ ಹೇಳಿದ್ದಕ್ಕೂ ಅಲ್ಲಿದ್ದದ್ದಕ್ಕೂ ವ್ಯತ್ಯಾಸವಿರಲಿಲ್ಲ. ಅಲ್ಲಿರುವುದು ಇಂಗ್ಲಿಷಿನಲ್ಲಿ, ಓದಬಲ್ಲವರು ಸಹಿಗೆ ಮೊದಲು ಒಮ್ಮೆ ತೆರೆದು ನೋಡಬೇಕು, ಇಲ್ಲದವರು ಪರಿಚಯದವರಿಂದ ಓದಿಸಿಕೊಳ್ಳಬೇಕು.

ಬಸ್ ಚಾರ್ಜು ಮತ್ತು ಆ ದಿನದ ಕೂಲಿ ನಷ್ಟವನ್ನು ತುಂಬಿಕೊಡುತ್ತೇವೆಂದು ಪತ್ರದಲ್ಲಿದೆ. ಬಂತು, ತಡವಾಗಿ ಬಂತು. ದಿನಗೂಲಿಯವರಿಗೆ ಅದನ್ನು ಆ ದಿನವೇ ಕೈಗೆ ಕೊಡಬೇಕು.

ಒಟ್ಟಾರೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ಮತ್ತು ಆ ನಾಲ್ಕೂ ವೈದ್ಯರಿಗೆ ಹಾಗೂ ಕೋ-ಆರ್ಡಿನೇಟರ್‌ಗೆ ಸಲ್ಲಬೇಕು. ಕಾಗದಪತ್ರಗಳನ್ನಷ್ಟೇ ನೋಡಿ ಅಂಕ ಹಾಕುವುದಾದರೆ ಎರಡರ ಮೇಲೆ ಕೊಡಲಾರೆ. ಒಳ್ಳೆಯ ಮನುಷ್ಯರು ಕೆಟ್ಟ ಕಾಗದವನ್ನು ಹೊತ್ತು ಸಾಗಿಸುತ್ತಿದ್ದಾರೆ. ಅವರು ರಜೆ ಹಾಕಿದ ದಿನ ಬರುವ ತಾಯಿಗೆ ಸಿಗುವುದು ಆ ಕಾಗದ ಮಾತ್ರ.

ಈ ಆಸ್ಪತ್ರೆಗೇ ಆಗಲಿ ಬೇರೆ ಆಸ್ಪತ್ರೆಗೇ ಆಗಲಿ ಇಂಥ ಕೆಲಸಕ್ಕೆ ಹೋಗುವವರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು. ಮಾಹಿತಿ ಪತ್ರವನ್ನು ಮನೆಗೆ ಕೊಡಲು ಒಪ್ಪದಿದ್ದರೆ ಅಂದೇ ಎದ್ದುಬನ್ನಿ. ಸಹಿ ಮಾಡಿದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಅದು ನಿಮ್ಮ ಹಕ್ಕು. ಅಪಾಯ ಕನಿಷ್ಠ ಮಟ್ಟಕ್ಕಿಂತ ಹೆಚ್ಚಿದ್ದು ಮಗುವಿಗೆ ನೇರ ಲಾಭವಿಲ್ಲದ ಸಂಶೋಧನೆಯಾದರೆ ತಂದೆ ಮತ್ತು ತಾಯಿ ಇಬ್ಬರ ಸಹಿಯನ್ನೂ ಕೇಳಬೇಕಾಗಬಹುದು, ಒಬ್ಬರದೇ ಸಾಕು ಎಂದರೆ ಯಾಕೆ ಸಾಕೆಂದು ಕೇಳಿ. ಪರಿಹಾರ ಯಾರು ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತೋರಿಸಲು ಹೇಳಿ. ಶೇಖರಿಸಿಡುವ ರಕ್ತದ ಬಾಕ್ಸನ್ನು ಬೇರೆಯಾಗಿ ಓದಿ. ಮಗುವಿನ ಎದುರಿನಲ್ಲಿ ಸಹಿ ಮಾಡುವ ಮೊದಲು ಮಗುವನ್ನು ಕೇಳಲು ಬಿಡಿ, ಅದು ಉತ್ತರ ಹೇಳುವಾಗ ಪಕ್ಕದಲ್ಲಿ ನೀವು ಸುಮ್ಮನಿರಿ.

ಮಕ್ಕಳ ಹಾಳೆಗೆ ‘ನನಗೆ ಬೇಡ’ ಎಂಬ ಸಾಲು ಸೇರಿಸಬೇಕು, ದೊಡ್ಡವರ ಪತ್ರವನ್ನು ದೊಡ್ಡ ಅಕ್ಷರದಲ್ಲಿ, ತಾಯಂದಿರಿಗೆ ಓದಿಸಿ ನೋಡಿ ತಿದ್ದಬೇಕು, ಎಥಿಕ್ಸ್ ಕಮಿಟಿಯ ಫೋನ್ ಎತ್ತುವವರನ್ನು ನೇಮಿಸಬೇಕು ಎಂಬ ಮೂರು ಕೋರಿಕೆಗಳನ್ನು ಬರೆದು ವಿಭಾಗಕ್ಕೂ ಕಮಿಟಿಗೂ ಕೊಟ್ಟಿದ್ದೇನೆ. ಪತ್ರವನ್ನು ಬದಲಾಯಿಸಿದರೆ ಅದಕ್ಕೆ ಕಮಿಟಿಯ ಅನುಮತಿಯನ್ನು ಹೊಸದಾಗಿ ಪಡೆಯಬೇಕಾಗುವುದರಿಂದ ಸ್ವಲ್ಪ ಸಮಯ ಹಿಡಿಯುತ್ತದೆ ಎಂದು ಉತ್ತರ ಬಂದಿದೆ. ಕನ್ನಡದ ಪತ್ರವನ್ನು ಓದಿ ತಿದ್ದಿಕೊಡಲು ನಾನು ಸಿದ್ಧಳಿದ್ದೇನೆ ಎಂದೂ ಅವರಿಗೆ ತಿಳಿಸಿದ್ದೇನೆ.